ಹುಸೇನಬಿಯ ಹೊರಸಿನ ಸುತ್ತ

ನಾನು ಓದಿದ ಊರಿನಲ್ಲಿ ದೂರವನ್ನು ಮೈಲಿಯಲ್ಲಿ ಹೇಳುತ್ತಿರಲಿಲ್ಲ, ಪಾಠದಲ್ಲಿ ಹೇಳುತ್ತಿದ್ದರು. ಸಂತೆ ಎಷ್ಟು ದೂರವೆಂದು ಕೇಳಿದರೆ ‘ಅರ್ಧ ಪಾಠ ಆಗತೈತಿ’ ಎನ್ನುವರು. ಕೆರೆಯ ತನಕ ಹೋಗಿ ಬಂದರೆ ಒಂದು ಪಾಠ. ಪಕ್ಕದ ಊರಿಗೆ ಹೆಣ್ಣು ಕೊಟ್ಟವರು, ‘ಭಾಳ ದೂರೇನಿಲ್ಲ ಬಿಡ್ರಿ, ಮೂರು ಪಾಠ ನಡದ್ರ ಮಗಳ ಮಾರಿ ನೋಡಬೋದು’ ಎಂದು ಸಮಾಧಾನ ಮಾಡಿಕೊಳ್ಳುವರು. ಈಗ ನಾನಿರುವ ಕಡೆ ಹೀಗೆಲ್ಲ ಮಾತಾಡಿದರೆ ಜನ ನನ್ನ ತಲೆ ನೆಟ್ಟಗಿದೆಯೇ ಎಂದು ನೋಡುತ್ತಾರೆ. ನೋಡಲಿ. ಆ ಊರಿನ ಅಳತೆ ನನ್ನ ಕಾಲಿನಿಂದ ಇನ್ನೂ ಹೋಗಿಲ್ಲ.

ಅಲ್ಲಿಯ ವಿಶ್ವವಿದ್ಯಾಲಯಕ್ಕೆ ದೊಡ್ಡದೊಂದು ಕಲ್ಲಿನ ಕಮಾನಿತ್ತು. ಕಮಾನಿನಾಚೆ ತರಗತಿ, ಬೆಂಚು, ಕಪ್ಪುಹಲಗೆ ಒಂದೂ ಇರಲಿಲ್ಲ. ಸೇರಿದ ದಿನ ಕಮಾನಿನ ಕೆಳಗೆ ಸಾಲಾಗಿ ನಿಲ್ಲಿಸಿ, ನಮ್ಮ ನಮ್ಮ ಮೊಬೈಲಿಗೆ ಮೂರು ವರ್ಷದ ಪಾಠ ತುಂಬಿ, ‘ಹೋಗಿ ನಡೀರಿ’ ಎಂದು ಕಳಿಸಿಬಿಡುತ್ತಿದ್ದರು. ಬೈದು ಕಳಿಸಿದ್ದಲ್ಲ, ಅದೇ ನಿಯಮ. ನಾವು ನಡೆದರೆ ಪಾಠ ನಡೆಯುತ್ತಿತ್ತು. ನಿಂತರೆ ಪಾಠವೂ ನಿಲ್ಲುತ್ತಿತ್ತು, ಮತ್ತೆ ಹೆಜ್ಜೆ ಎತ್ತಿದರೆ ನಿಂತ ಮಾತಿನಿಂದಲೇ ಮುಂದುವರಿಯುತ್ತಿತ್ತು. ದೇಶ ಸುತ್ತಬೇಕು ಕೋಶ ಓದಬೇಕು ಎನ್ನುತ್ತಾರಲ್ಲ, ಆ ಊರಿನಲ್ಲಿ ಅವೆರಡೂ ಒಂದೇ ಕೆಲಸ.

ಊರಿನವರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಓಣಿಯ ಮೂಲೆಯ ಮನೆಗಳಿಗೆ ಚೂಪು ಮೂಲೆಯೇ ಇರಲಿಲ್ಲ. ತಲೆತಲಾಂತರದ ವಿದ್ಯಾರ್ಥಿಗಳ ಭುಜ ಉಜ್ಜಿ ಉಜ್ಜಿ ಗೋಡೆಗಳು ದುಂಡಗಾಗಿದ್ದವು. ಪ್ರತಿ ಮನೆಯ ಜಗುಲಿಯ ಮೇಲೂ ತುದಿಗೆ ಅರಿವೆ ಸುತ್ತಿದ ಉದ್ದನೆಯ ಕೋಲೊಂದು ಇರುತ್ತಿತ್ತು. ಕಿವಿಗೆ ವೈರು ಸಿಕ್ಕಿಸಿಕೊಂಡು ಹೋಗುತ್ತಿರುವ ಹುಡುಗರ ಎದುರಿಗೆ ಎಮ್ಮೆಯೋ ಗಟಾರವೋ ಬಂದರೆ, ಕೂತಲ್ಲಿಂದಲೇ ಆ ಕೋಲಿನಿಂದ ಮೆತ್ತಗೆ ಪಕ್ಕೆಗೆ ತಿವಿದು ದಾರಿ ತಪ್ಪಿಸುತ್ತಿದ್ದರು. ಮಿರ್ಚಿ ಭಜಿ ಮಾರುವ ಗುರುಪಾದಪ್ಪ ನಮ್ಮ ಮುಂದೆ ಹಿಮ್ಮುಖವಾಗಿ ನಡೆಯುತ್ತಲೇ ಭಜಿ ಕಟ್ಟಿಕೊಡುತ್ತಿದ್ದ. ಅಲ್ಲಿಯ ನಾಯಿಗಳು ನಡೆಯುವವರಿಗೆ ಬೊಗಳುತ್ತಿರಲಿಲ್ಲ, ಸುಮ್ಮನೆ ನಿಂತವರನ್ನು ಕಂಡರೆ ಮಾತ್ರ ಬೊಗಳುತ್ತಿದ್ದವು.

ನಮಗೆಲ್ಲ ಪಾಠ ಹೇಳುತ್ತಿದ್ದುದು ಒಂದೇ ಹೆಣ್ಣುದನಿ. ಅವಳನ್ನು ಯಾರೂ ಕಂಡವರಿಲ್ಲ. ಪುಸ್ತಕದ ಕನ್ನಡ, ಅವಸರವಿಲ್ಲದ ಮಾತು. ಪ್ರತಿ ಪಾಠದ ಕೊನೆಗೆ ಒಂದು ಕ್ಷಣ ಸುಮ್ಮನಿದ್ದು, ‘ತೃಪ್ತಿಯಾಯಿತೇ?’ ಎಂದು ಕೇಳುತ್ತಿದ್ದಳು. ಅದಕ್ಕೇ ಊರೆಲ್ಲ ಅವಳಿಗೆ ತೃಪ್ತಕ್ಕ ಎಂದು ಹೆಸರಿಟ್ಟಿತ್ತು. ಆಯಿತು ಎಂದರೆ ಮುಂದಿನ ಪಾಠ. ಇಲ್ಲ ಎಂದರೆ ಅದೇ ಪಾಠ ಮೊದಲಿನಿಂದ, ಅಂದರೆ ಕೆರೆಯ ತನಕ ಇನ್ನೊಮ್ಮೆ. ಬಿಸಿಲಿನಲ್ಲಿ ಕಾಲು ಸುಟ್ಟುಕೊಂಡು ಬಂದವರು ಯಾರು ಇಲ್ಲ ಎನ್ನುತ್ತಾರೆ? ಅರ್ಥವಾಗಲಿ ಬಿಡಲಿ, ಆಯಿತು ಎನ್ನುವುದು ಸೀನಿದಾಗ ಕೃಷ್ಣಾ ಎಂದಷ್ಟು ರೂಢಿಯಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಊರಿನ ಹಾದಿಗಳಲ್ಲಿ ನಾವು ಒಬ್ಬೊಬ್ಬರೇ ‘ಆಯಿತು, ಆಯಿತು’ ಎನ್ನುತ್ತ ಅಡ್ಡಾಡುತ್ತಿದ್ದೆವು. ಕಮಾನಿನ ಮೇಲೆ ‘ನಮ್ಮ ವಿದ್ಯಾರ್ಥಿಗಳೆಲ್ಲರೂ ತೃಪ್ತರು’ ಎಂದು ವರ್ಷಕ್ಕೊಮ್ಮೆ ಹೊಸ ಬಣ್ಣದಲ್ಲಿ ಬರೆಸುತ್ತಿದ್ದರು. ಗುಂಪಿನಲ್ಲಿ ಗೋವಿಂದ ಎಂದರೆ ಇದೇ.

ನಾನು ಮತ್ತು ಹುಸೇನಬಿ ತಂಗೆವ್ವ ಆಯಿಯ ಮನೆಯ ಅಂಗಳದ ಕೋಣೆಯಲ್ಲಿ ಬಾಡಿಗೆಗಿದ್ದೆವು. ಹುಸೇನಬಿ ತನ್ನ ಮನೆತನದಲ್ಲಿ ಕಾಲೇಜಿನ ಮುಖ ಕಂಡ ಮೊದಲನೆಯವಳು. ಉದ್ದ ಕಾಲಿನ, ಒರಟು ಮಾತಿನ ಹುಡುಗಿ. ಭೂಗೋಳ ನಮ್ಮಿಬ್ಬರ ವಿಷಯ. ಅವಳು ನಡೆದರೆ ನಾನು ಓಡಬೇಕು. ‘ದಾನಮ್ಮ, ನೀ ಹಿಂಗ ನಡದ್ರ ನಿನಗ ಪದವಿ ಬರೂ ಹೊತ್ತಿಗೆ ಹಲ್ಲ ಬಿದ್ದಿರತಾವ’ ಎಂದು ಹೀಯಾಳಿಸುತ್ತ ಮುಂದೆ ಹೋಗಿಬಿಡುತ್ತಿದ್ದಳು. ಅವಳ ಬೆನ್ನು ನೋಡಿಕೊಂಡೇ ನಾನು ಎರಡೂವರೆ ವರ್ಷ ಓದಿದೆ. ಈಗ ನೆನೆದರೆ, ನನ್ನ ಬದುಕಿನಲ್ಲಿ ಅಷ್ಟು ಹಗುರವಾಗಿದ್ದ ದಿನಗಳು ಬೇರೆ ಇಲ್ಲ.

ಒಂದು ಮಾತು ಹೇಳಲೇಬೇಕು. ಮೂರನೆಯ ವರ್ಷದ ಯುಗಾದಿಯ ಹಿಂದಿನ ದಿನ ಸೂರ್ಯ ಮುಳುಗುವುದರೊಳಗೆ ಕೊನೆಯ ಪಾಠಕ್ಕೆ ಆಯಿತು ಎಂದವರಿಗೆ ಪದವಿ. ಹೇಳದವರ ಮೊಬೈಲಿನಲ್ಲಿ ಎಲ್ಲ ಅಳಿಸಿಹೋಗಿ ತೃಪ್ತಕ್ಕ ಒಂದನೆಯ ಪಾಠಕ್ಕೆ ಮರಳುತ್ತಿದ್ದಳು. ಒಂದು ಪಾಠ ಉಳಿದರೂ ಮೂರು ವರ್ಷ ಮತ್ತೆ ಮೊದಲಿನಿಂದ ನಡೆಯಬೇಕು. ಹಾಗೆ ಹಿಂದಕ್ಕೆ ಬಿದ್ದವರು ಸಾಮಾನ್ಯವಾಗಿ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿಬಿಡುತ್ತಿದ್ದರು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಹುಸೇನಬಿ ಕಾಲು ಮುರಿದುಕೊಂಡಳು. ದೀಪದ ಕಂಬಕ್ಕೆಂದು ತೋಡಿದ್ದ ಗುಂಡಿಯೊಳಗೆ ಬಿದ್ದಳು. ಕೋಲು ಚಾಚಬೇಕಾಗಿದ್ದ ಮನೆಯವರು ಆ ದಿನ ಬೀಗರೂಟಕ್ಕೆ ಹೋಗಿದ್ದರು. ಕಿವಿಯಲ್ಲಿ ಭೂಕಂಪದ ಪಾಠ ನಡೆದಿತ್ತಂತೆ, ಕಾಲ ಕೆಳಗೆ ನೆಲ ಕುಸಿದಾಗ ಅದೂ ಪಾಠದಲ್ಲೇ ಬಂತೆಂದುಕೊಂಡಳಂತೆ. ನೋವಿನಲ್ಲೂ ಇದನ್ನು ಹೇಳಿ ನಕ್ಕಳು. ಆದರೆ ಡಾಕ್ಟರು ತೊಡೆಯವರೆಗೆ ಪ್ಲಾಸ್ಟರು ಹಾಕಿ, ಯುಗಾದಿ ಕಳೆಯುವ ತನಕ ನೆಲಕ್ಕೆ ಕಾಲೂರಬಾರದು ಎಂದಾಗ ನಗು ನಿಂತಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ತಂಗೆವ್ವ ಆಯಿ ಕೋಣೆಯೊಳಗಿನ ಹಗ್ಗದ ಮಂಚವನ್ನು, ನಮ್ಮ ಮಾತಿನಲ್ಲಿ ಹೊರಸನ್ನು, ಎಳೆಸಿ ಅಂಗಳದ ನಡುವೆ ಹಾಕಿಸಿದಳು. ‘ಹುಡುಗಿ ಒಳಗ ಕತ್ತಲಾಗ ಮಲಗಿದ್ರ ಕಾಲಿನ ಜೋಡಿ ಮನಸೂ ಮುರೀತೈತಿ’ ಎಂದಳು. ಹುಸೇನಬಿಯನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳಿ ನೋಡಿದೆವು, ತೃಪ್ತಕ್ಕ ತುಟಿ ಬಿಚ್ಚಲಿಲ್ಲ. ಮೊಬೈಲನ್ನು ಆಯಿಯ ಎಮ್ಮೆಯ ಕೊರಳಿಗೆ ಕಟ್ಟಿ ನೋಡಿದೆವು, ಎಮ್ಮೆಗೆ ಪಾಠ ಹೇಳಲು ಆಕೆ ಒಪ್ಪಲಿಲ್ಲ. ಕೊನೆಗೆ ನಾನು ಅವಳ ಮೊಬೈಲು ಹಿಡಿದು ನಾಲ್ಕು ಹೆಜ್ಜೆ ಹಾಕಿದೆ. ಪಾಠ ಶುರುವಾಯಿತು.

‘ನಡಿ ಮತ್ತ, ಚಿಂತಿ ಹ್ವಾತು’ ಎಂದೆ ನಾನು. ‘ನಿಂದೂ ನಂದೂ ಎರಡೂ ಹಿಡ್ಕೊಂಡ ಕೆರಿ ಸುತ್ತ ಹಾಕಿ ಬರ್ತೀನಿ. ನೀ ಆರಾಮ ಮಲಕೋ.’

‘ಬ್ಯಾಡ. ನನ್ನ ಪಾಠ ನಾ ಕೇಳಬ್ಯಾಡೇನು?’ ಎಂದಳು ಹುಸೇನಬಿ. ‘ನಿನ್ನ ಊಟ ನಾ ಮಾಡಿ ಬರ್ತೀನಿ, ನೀ ತೇಗ ಬಿಡು ಅಂದಂಗಾತು.’

ಹಾಗಾಗಿ ನಾನು ಅವಳ ಹೊರಸಿನ ಸುತ್ತಲೇ ನಡೆಯತೊಡಗಿದೆ. ಕಿವಿಯ ವೈರು ಅಷ್ಟು ಉದ್ದ ಬರುತ್ತಿರಲಿಲ್ಲ, ಅದನ್ನು ಕಿತ್ತು ದನಿ ಹೊರಗೆ ಬಿಟ್ಟೆ. ದನಿ ಸಣ್ಣದು. ಮೊಬೈಲನ್ನು ಎದೆಯ ಹತ್ತಿರ ಅವಳ ಕಡೆಗೇ ಹಿಡಿದುಕೊಳ್ಳಬೇಕು. ಆದ್ದರಿಂದ ಮುಖ ಅವಳ ಕಡೆ ಮಾಡಿ, ಏಡಿಯ ಹಾಗೆ ಅಡ್ಡಡ್ಡವಾಗಿ ಸುತ್ತು ಹಾಕಬೇಕು. ತೃಪ್ತಕ್ಕನ ದನಿ ಬಯಲಿನಲ್ಲಿ ಕೇಳಿದ್ದು ಅದೇ ಮೊದಲು. ಅಷ್ಟು ವರ್ಷ ಆಕೆ ನಮ್ಮ ಕಿವಿಯೊಳಗೆ ಮಾತ್ರ ಇದ್ದಳು. ಗಲ್ಲಿಯ ಹೆಂಗಸರು ಗೋಡೆಯ ಮೇಲಿಂದ ಇಣುಕಿ, ‘ಏ, ಇಕಿನ ಏನ ತೃಪ್ತಕ್ಕ? ದನಿ ಎಷ್ಟ ಚಂದ ಐತ್ಯಲ್ಲ!’ ಎಂದರು. ಒಬ್ಬಾಕೆ ಸೆರಗು ಸರಿಮಾಡಿಕೊಂಡದ್ದೂ ನನಗೆ ನೆನಪಿದೆ.

ನನಗೂ ನನ್ನ ಪಾಠಗಳು ಉಳಿದಿದ್ದವಲ್ಲ, ದಿನವಿಡೀ ಇಲ್ಲೇ ಸುತ್ತಲಾಗುತ್ತಿರಲಿಲ್ಲ. ಬೇರೆ ವಿದ್ಯಾರ್ಥಿಗಳದೂ ಅದೇ ಪಾಡು. ಆಗ ಓದದವರೇ ಸರದಿ ಹಿಡಿದರು. ಭಜಿ ಮಾರಿ ಬಂದ ಮೇಲೆ ಗುರುಪಾದಪ್ಪ, ರೊಟ್ಟಿ ಬಡಿದು ಮುಗಿಸಿ ನೆರೆಯ ಹೆಂಗಸರು. ಎಲ್ಲರಿಗಿಂತ ಹೆಚ್ಚು ತಂಗೆವ್ವ ಆಯಿ. ಒಬ್ಬರು ಶುರು ಮಾಡಿದ ಪಾಠವನ್ನು ಅವರೇ ಮುಗಿಸಬೇಕು, ನಡುವೆ ಕೈ ಬದಲಾದರೆ ಪಾಠ ಮೊದಲಿನಿಂದ. ಕೊನೆಯ ಪ್ರಶ್ನೆಗೂ ಹೊತ್ತು ನಡೆದವರ ಉತ್ತರವನ್ನೇ ತೃಪ್ತಕ್ಕ ಕೇಳುತ್ತಿದ್ದಳು. ಗುರುಪಾದಪ್ಪ ಮತ್ತು ಹೆಂಗಸರು ನಾವು ಹೇಳಿಕೊಟ್ಟ ಹಾಗೆ ಆಯಿತು ಎಂದು ಮುಗಿಸುತ್ತಿದ್ದರು. ಪಾಠಗಳು ಚಕಚಕನೆ ಸರಿಯತೊಡಗಿದವು.

ಆಯಿಯ ಮೊದಲ ಸರದಿ ನನಗೆ ಚೆನ್ನಾಗಿ ನೆನಪಿದೆ. ಮಳೆಗಾಳಿಯ ಪಾಠ. ಮುದುಕಿ ಹೊರಸಿನ ಸುತ್ತ ನಿಧಾನವಾಗಿ ಸುತ್ತು ಹಾಕಿ ಮುಗಿಸಿತು. ‘ತೃಪ್ತಿಯಾಯಿತೇ?’ ಎಂದಳು ತೃಪ್ತಕ್ಕ.

‘ಇಲ್ಲವ್ವ’ ಎಂದಳು ಆಯಿ.

ಪಾಠ ಮೊದಲಿನಿಂದ ಶುರುವಾಯಿತು. ಹುಸೇನಬಿ ಎದ್ದು ಕೂರಲಾರದೆ ಹೊರಸಿಗೆ ಕೈ ಬಡಿದಳು. ‘ಆಯಿ! ಆತು ಅನಬೇಕಿತ್ತು! ಹೇಳಿರಲಿಲ್ಲೇನು ನಿಮಗ?’

‘ನನಗ ತಿಳೀಲಿಲ್ಲಲ್ಲವಾ. ಗಾಳಿ ಸಮುದ್ರದಿಂದ ಯಾಕ ಬರತೈತಿ, ಇಲ್ಲಿಂದ ಯಾಕ ಹೋಗಂಗಿಲ್ಲ?’

‘ನಿಮಗ ತಿಳೀಬೇಕಾಗಿಲ್ಲ! ಪಾಠ ನಂದು!’

‘ಆಕಿ ಕೇಳಿದ್ದು ನನಗಲ್ಲೇನು?’ ಎಂದಳು ಆಯಿ, ಮೊಬೈಲನ್ನು ತೋರಿಸಿ.

ಹುಸೇನಬಿ ಪಕ್ಕದಲ್ಲಿದ್ದ ನೀರಿನ ಲೋಟ ತೆಗೆದು ಎಸೆದಳು. ಅದು ಬೇವಿನ ಗಿಡಕ್ಕೆ ಬಡಿದು ಉರುಳಿತು. ಆಯಿ ಸಿಟ್ಟಾಗಲಿಲ್ಲ. ಹೋಗಿ ಲೋಟ ಎತ್ತಿಕೊಂಡು ಬಂದು, ಹೊರಸಿನ ತುದಿಗೆ ಕೂತು, ಸಣ್ಣ ದನಿಯಲ್ಲಿ ಹೇಳಿದಳು: ‘ನಾ ಈ ಮನಿಗೆ ಸೊಸಿಯಾಗಿ ಬಂದಾಗ ಎಲ್ಲಾರೂ ಉಂಡಮ್ಯಾಲೆ ನನ್ನ ಊಟ. ಬುಟ್ಯಾಗ ಏನೂ ಉಳೀತಿರಲಿಲ್ಲ. ಅತ್ತಿ ಬಾಗಲ್ದಾಗ ನಿಂತು ಕೇಳಾಕಿ, ತೃಪ್ತಿ ಆತೇನ ತಂಗೆವ್ವ ಅಂತ. ನಾ ಆತ್ರೀ ಅಂತಿದ್ದೆ. ಆಕಿ ಸಾಯೂತನಕ ಹಸದ ಹೊಟ್ಟೀಲೇ ಆತ್ರೀ ಅಂದೀನಿ. ಆಕಿನ ಮಣ್ಣ ಮಾಡಿ ಬಂದ ದಿನ ಒಂದ ಮಾತು ಹಾಕ್ಕೊಂಡೀನಿ ಮಗಳ. ಇನ್ನ ತುಂಬದ ಆತು ಅನ್ನಂಗಿಲ್ಲ.’

ಹುಸೇನಬಿ ಆಯಿಯ ಕೈಯಿಂದ ಲೋಟ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಆಮೇಲೆ, ‘ಒಲಿ ಮ್ಯಾಲಿನ ಹೊಗಿ ಯಾಕ ಮ್ಯಾಲಕ್ಕ ಹೋಗತೈತಿ, ಅದನ್ನ ಹೇಳ್ರಿ ಮೊದಲ’ ಎಂದಳು. ಆಯಿ, ‘ಬಿಸಿ ಇರತೈತಲ್ಲ’ ಎಂದಳು. ‘ಹಾಂ. ಬ್ಯಾಸಗ್ಯಾಗ ನಮ್ಮ ನೆಲಾನ ಒಲಿ. ಇಲ್ಲಿ ಗಾಳಿ ಮ್ಯಾಲಕ್ಕ ಹ್ವಾದ್ರ ಖಾಲಿ ಜಾಗಕ್ಕ ಯಾರರೆ ಬರಬೇಕಲ್ಲ?’ ಹೀಗೆ ಶುರುವಾಯಿತು. ಎರಡನೆಯ ಸಲ ತೃಪ್ತಕ್ಕ ಕೇಳಿದಾಗ ಆಯಿ, ‘ಆತು ನೋಡವಾ, ಈಗ ಆತು’ ಎಂದು ತೇಗಿದ ಹಾಗೆ ಹೇಳಿದಳು.

ಅಂದಿನಿಂದ ಹುಸೇನಬಿ ಬದಲಾದಳು. ಎರಡೂವರೆ ವರ್ಷ ನಾವು ನುಂಗಿದ್ದೆಲ್ಲ ಜಗಿಯದೆ ನುಂಗಿದ್ದು ಎಂದು ಅವಳಿಗೆ ಗೊತ್ತಾಗಿತ್ತು. ಆಯಿಗೆ ತಿಳಿಸಬೇಕಾದರೆ ಮೊದಲು ತನಗೆ ತಿಳಿಯಬೇಕು, ತನಗೆ ತಿಳಿದಿಲ್ಲವೆಂದು ಗೊತ್ತಾಗುತ್ತಿದ್ದುದೇ ಆಯಿ ಕೇಳಿದ ಮೇಲೆ. ಮಧ್ಯಾಹ್ನ ಆಯಿಯ ಸರದಿ ಬರುವುದನ್ನೇ ಅವಳು ಕಾಯತೊಡಗಿದಳು. ನಾನು ನನ್ನ ಪಾಠ ಮುಗಿಸಿ, ಧೂಳು ಮೆತ್ತಿದ ಕಾಲಿನಲ್ಲಿ ಬಂದರೆ ಅಂಗಳದಲ್ಲಿ ವಾದ ನಡೆದಿರುತ್ತಿತ್ತು. ನಕ್ಷೆಗೆ ಹಿಟ್ಟು, ನದಿಗೆ ನೀರು, ಬೆಟ್ಟಕ್ಕೆ ಬೆಲ್ಲದ ಅಚ್ಚು. ರೊಟ್ಟಿ ಬಡಿಯುವ ಹೆಂಗಸರು ಕೂಡ ಆಯಿತು ಎನ್ನುವ ಮೊದಲು ಒಂದೆರಡು ಪ್ರಶ್ನೆ ಕೇಳತೊಡಗಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕೆರೆಯ ದಾರಿಯಲ್ಲಿ ಒಬ್ಬಳೇ ಆಯಿತು ಆಯಿತು ಎನ್ನುತ್ತ ಹೋಗುವವಳು ನಾನು, ಮಲಗಿದಲ್ಲೇ ಊರು ಕೂಡಿಸಿಕೊಂಡು ಓದುವವಳು ಅವಳು.

ಆದರೆ ಹೀಗೆ ಓದಿದರೆ ಹೊತ್ತು ಹಿಡಿಯುತ್ತದೆ. ಹೋಳಿಯ ಹೊತ್ತಿಗೇ ಅವಳು ಹಿಂದೆ ಬಿದ್ದಿದ್ದಳು. ನಾನು ಬೇಡಿಕೊಂಡೆ, ‘ಈಗ ಸುಮ್ಮ ಮುಗಸ, ತಿಳಕೊಳ್ಳೂದು ಆಮ್ಯಾಲ ತಿಳಕೋ’ ಎಂದೆ. ಅವಳು ನಾನು ಬೇರೆ ಯಾವುದೋ ಭಾಷೆ ಮಾತಾಡಿದೆನೆಂಬ ಹಾಗೆ ನೋಡಿದಳು. ಅವಳ ಅವ್ವ ಹಳ್ಳಿಯಿಂದ ಬಂದಳು. ಮಗಳ ಪದವಿಯ ದಿನ ಉಡಿಸಲೆಂದು ಹೊಸ ಸೀರೆ ತಂದಿದ್ದಳು. ಅದನ್ನು ಹೊರಸಿನ ತಲೆದೆಸೆಗೆ ಇಟ್ಟುಕೊಂಡು ಮಲಗುತ್ತಿದ್ದ ಹುಸೇನಬಿಗೆ ಭಯವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ದಿನ ಹತ್ತಿರವಾದಂತೆ ಅವಳು ಪ್ಲಾಸ್ಟರನ್ನು ಉಗುರಿನಿಂದ ಕೆರೆಯುವುದು ಹೆಚ್ಚಾಯಿತು.

ಯುಗಾದಿಯ ಹಿಂದಿನ ದಿನಕ್ಕೆ ಅವಳದು ಒಂದೇ ಪಾಠ ಉಳಿದಿತ್ತು, ಚಂದ್ರನ ಪಾಠ. ನನಗೂ ಅದೇ ಉಳಿದಿತ್ತು. ಬೆಳಿಗ್ಗೆ ಊರಿನಲ್ಲಿ ಎಲ್ಲರಿಗೂ ಹಬ್ಬದ ಗಡಿಬಿಡಿ. ಹೆಂಗಸರು ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದರು, ಗುರುಪಾದಪ್ಪ ಬೇವಿನ ಹೂ ಮಾರಲು ಹೋಗಿದ್ದ. ಹುಸೇನಬಿಯ ಅವ್ವನಿಗೆ ಮಂಡಿ ನೋವು, ಹತ್ತು ಹೆಜ್ಜೆ ಆಗದು. ಉಳಿದವಳು ಆಯಿಯೊಬ್ಬಳೇ. ‘ಒಂದ ಪಾಠ ಅಲ್ಲೇನು, ಮುಗಸತೀವಿ ಹೋಗ’ ಎಂದು ನನ್ನನ್ನು ಕಳಿಸಿದಳು. ನಾನು ಕೆರೆಗೆ ಹೋದೆ. ಚಂದ್ರ ಭೂಮಿಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ, ಆದರೂ ತನ್ನ ಸುತ್ತ ತಾನೂ ತಿರುಗುತ್ತಾನೆ ಎಂದಳು ತೃಪ್ತಕ್ಕ. ಅದು ಹೇಗೆಂದು ನನಗೆ ಕೂದಲಷ್ಟೂ ಹೊಳೆಯಲಿಲ್ಲ. ‘ತೃಪ್ತಿಯಾಯಿತೇ?’ ‘ಆಯಿತು’ ಎಂದೆ. ಮೊಬೈಲಿನಲ್ಲಿ ನನ್ನ ಹೆಸರಿನ ಮುಂದೆ ಪದವಿ ಬಂತು. ಕೆರೆಯ ಏರಿಯ ಮೇಲೆ ಕುಣಿದಾಡಿದೆ. ಗೆಳತಿಯರ ಜೊತೆ ಸಂತೆಯಲ್ಲಿ ಬಳೆ ಇಡಿಸಿಕೊಂಡು, ಹೊತ್ತು ಇಳಿಯುವಾಗ ಮನೆಗೆ ಬಂದೆ.

ಅಂಗಳದಲ್ಲಿ ಆಯಿ ಇನ್ನೂ ಸುತ್ತುತ್ತಿದ್ದಳು. ಬೆಳಗಿನಿಂದ ಅದೇ ಪಾಠ, ಪ್ರತಿಸಲವೂ ‘ಇಲ್ಲವ್ವ’. ಹುಸೇನಬಿಯ ಅವ್ವ ತಲೆಯ ಮೇಲೆ ಕೈ ಹೊತ್ತು ಜಗುಲಿಯಲ್ಲಿ ಕೂತಿದ್ದಳು. ಬಿಸಿಲು ಆಗಲೇ ಅಂಗಳ ಬಿಟ್ಟು ಪೂರ್ವದ ಗೋಡೆ ಏರಿತ್ತು. ನಾನು ಒಳಗೆ ಕಾಲಿಡುವುದಕ್ಕೂ ತೃಪ್ತಕ್ಕ ಪಾಠ ಮುಗಿಸಿ ಕೇಳುವುದಕ್ಕೂ ಸರಿಹೋಯಿತು. ‘ತೃಪ್ತಿಯಾಯಿತೇ?’

ಹೆಜ್ಜೆ ಹಾಕುತ್ತಿರುವ ತನಕ ಆಕೆ ಉತ್ತರಕ್ಕೆ ಕಾಯುತ್ತಾಳೆ. ಇಲ್ಲ ಎಂದರೆ ಮುಗಿಯಿತು, ಇನ್ನೊಮ್ಮೆ ಪಾಠ ಕೇಳುವಷ್ಟು ಬಿಸಿಲು ಉಳಿದಿರಲಿಲ್ಲ. ‘ಆತು ಅನ್ರಿ ಆಯಿ! ನಿಮ್ಮ ಕಾಲ ಬೀಳತೀನಿ’ ಎಂದು ನಾನು ಕೂಗಿದೆ. ಆಯಿ ಏದುಸಿರು ಬಿಡುತ್ತಿದ್ದಳು. ಗೋಡೆ ನೋಡಿದಳು, ಹೊರಸಿನ ಮೇಲಿದ್ದ ಹೊಸ ಸೀರೆ ನೋಡಿದಳು. ಅವಳ ಕಣ್ಣು ತುಂಬಿದವು. ‘ಅಂದಬಿಡ್ತೀನಿ ಮಗಳ’ ಎಂದು ಮೊಬೈಲಿಗೆ ಕೇಳದ ಹಾಗೆ ಪಿಸುಗುಟ್ಟಿದಳು. ‘ಇಷ್ಟ ವರ್ಸ ಅತ್ತಿ ಸಲುವಾಗಿ ಸುಳ್ಳ ಹೇಳೀನಿ, ನಿನ್ನ ಸಲುವಾಗಿ ಒಂದ ಹೇಳತೀನಿ.’

‘ಬ್ಯಾಡ’ ಎಂದಳು ಹುಸೇನಬಿ.

ಅವಳ ಮುಖ ಬಿಳಿಚಿತ್ತು. ಆದರೆ ಕಣ್ಣು ಆಯಿಯ ಮೇಲೇ ಇತ್ತು, ಬೆಳಗಿನಿಂದ ನೋಡುತ್ತಿದ್ದುದನ್ನು ಆಗಷ್ಟೇ ಕಂಡವಳ ಹಾಗೆ. ‘ನಿಂದ್ರಬ್ಯಾಡ್ರಿ ಆಯಿ. ಇನ್ನೊಂದ ಸುತ್ತ ಹಾಕ್ರಿ. ಹಾಕ್ಕೋತ, ನನ್ನ ಬೆನ್ನ ಹಿಂದ ನಿಮಗ ಏನ ಕಾಣತೈತಿ ಹೇಳ್ರಿ.’

ಆಯಿ ಅಡ್ಡಡ್ಡ ಹೆಜ್ಜೆ ಹಾಕಿದಳು. ‘ಬೇವಿನ ಗಿಡ.’

‘ಈಗ?’

‘ಬಾವಿ.’ ಇನ್ನಷ್ಟು ಹೆಜ್ಜೆ. ‘ಎಮ್ಮಿ ಕಟ್ಟೂ ಗೂಟ. ದಾನಮ್ಮ ಸರೀಯವ್ವ. ಬಾಗಲಾ.’ ಮತ್ತೆ ಅಷ್ಟು ಹೆಜ್ಜೆ. ‘ಮತ್ತ ಬೇವಿನ ಗಿಡ.’

‘ನನ್ನ ಮಾರಿ ಬಿಟ್ಟ ಬ್ಯಾರೆ ಕಡೆ ತಿರಗೀರೇನು?’

‘ಎಲ್ಲಿ ತಿರಗೀನಿ? ನಿನ್ನ ಮಾರಿನ ನೋಡಾಕತ್ತೀನಿ.’

‘ನಿಮ್ಮ ಬೆನ್ನ ನನಗ ಕಂಡಿಲ್ಲ. ಆದ್ರ ನಾಕೂ ದಿಕ್ಕ ನೋಡಿಬಂದ್ರಲ್ಲ? ತಿರಗದ ಹೆಂಗ ನೋಡಿದ್ರಿ?’

ತಂಗೆವ್ವ ಆಯಿಯ ಬಾಯಿ ತೆರೆಯಿತು. ಬೇವಿನ ಗಿಡ ನೋಡಿದಳು, ಹುಸೇನಬಿಯನ್ನು ನೋಡಿದಳು, ತನ್ನ ಕಾಲನ್ನು ನೋಡಿಕೊಂಡಳು. ‘ಯವ್ವಾ!’ ಎಂದಳು. ‘ನಾನೂ ತಿರಗೇನಿ! ನನಗ ಗೊತ್ತಿಲ್ಲದನ ನಾ ತಿರಗೇನಿ! ಪಾಪ ಚಂದಪ್ಪಂದೂ ಹಿಂಗನ ಏನು?’ ಎಂದು ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತೇಬಿಟ್ಟಳು.

ನಿಂತೇಬಿಟ್ಟಳು. ನಿಂತವರ ಮಾತನ್ನು ತೃಪ್ತಕ್ಕ ಕೇಳುವುದಿಲ್ಲ. ‘ಆತು ಮಗಳ, ಆತು, ಹೊಟ್ಟಿ ತುಂಬಿ ಆತು’ ಎಂದು ಆಯಿ ನಿಂತಲ್ಲೇ ಅಳುತ್ತ ನಗುತ್ತ ಹೇಳುತ್ತಿದ್ದಳು. ‘ನಡೀರಿ! ನಡೀರಿ ಆಯಿ!’ ಎಂದು ನಾವೆಲ್ಲ ಕಿರುಚಿದೆವು. ಅವಳು ಏನನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನಾನು ಓಡಿಹೋಗಿ ಭುಜ ಹಿಡಿದು ತಳ್ಳಿದೆ. ಗೋಡೆಯ ಮೇಲಿನ ಕೊನೆಯ ಬಿಸಿಲು ಆಗಲೇ ಹೋಗಿತ್ತು. ಆಯಿ ಒಂದು ಹೆಜ್ಜೆ ಇಟ್ಟಳು, ಮೊಬೈಲು ಮಾತಾಡಿತು.

‘ಪಾಠ ಒಂದು. ಭೂಮಿಯು ದುಂಡಗಿದೆ.’

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹುಸೇನಬಿಯ ಅವ್ವ ಗೋಳೋ ಎಂದು ಅತ್ತಳು. ಆಯಿಗೆ ಏನಾಯಿತೆಂದು ಗೊತ್ತಾದಾಗ ಮೊಬೈಲನ್ನು ಹೊರಸಿನ ಮೇಲಿಟ್ಟು, ಒಳಗೆ ಹೋಗಿ ಕದ ಹಾಕಿಕೊಂಡಳು. ನಾನು ಆ ಮುದುಕಿಯನ್ನು ಬಾಯಿಗೆ ಬಂದ ಹಾಗೆ ಬೈದೆ. ಹುಸೇನಬಿ ಮಾತ್ರ ಬೈಯಲಿಲ್ಲ. ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಒಂದಷ್ಟು ಹೊತ್ತು ಅತ್ತಳು. ಮೂರು ವರ್ಷವೆಂದರೆ ಮಾತಲ್ಲ, ಅದೂ ಮುರಿದ ಕಾಲಿನಲ್ಲಿ. ಅತ್ತು ಮುಗಿದ ಮೇಲೆ, ‘ದಾನಿ, ನೀ ಅದನ್ನ ನೋಡಿದೇನ? ಆಯಿಗೆ ತಿಳೀತು’ ಎಂದಳು. ‘ನನಗೂ ಆವಾಗನ ತಿಳೀತು.’

ಮರುದಿನ ಯುಗಾದಿ. ಆಯಿ ಹೋಳಿಗೆ ಮುಟ್ಟಿರಲಿಲ್ಲ, ಕದವನ್ನೂ ತೆಗೆದಿರಲಿಲ್ಲ. ಹುಸೇನಬಿ ಹೊರಸಿನ ಮೇಲಿಂದಲೇ ಕೂಗಿದಳು: ‘ಆಯೀ! ಬೇವು ಬೆಲ್ಲ ತಗೊಂಡ ಹೊರಗ ಬರ್ರಿ! ಭೂಮಿ ದುಂಡಗ ಐತಂತ. ನಿಮಗ ತಿಳದೈತೇನು?’

ಕದದ ಹಿಂದಿನಿಂದ ಸಣ್ಣದಾಗಿ, ‘ಎಲ್ಲಿ ದುಂಡಗ ಐತಿ? ಚಪ್ಪಟಿನ ಐತ್ಯಲ್ಲ’ ಎಂದು ಕೇಳಿಸಿತು. ಕದ ತೆರೆಯಿತು.

ನಾನು ಆ ವಾರವೇ ಪದವಿ ತೆಗೆದುಕೊಂಡು ಊರು ಬಿಟ್ಟೆ. ಈಗಿರುವಲ್ಲಿ ಪಾಠಗಳು ಕೂತವರಿಗೂ ಕೇಳಿಸುತ್ತವೆ, ಮಲಗಿದವರಿಗೂ ಕೇಳಿಸುತ್ತವೆ. ನನ್ನ ಮಗಳು ದಿಂಬಿಗೆ ಒರಗಿ ಕಾಲ ಮೇಲೆ ಕಾಲು ಹಾಕಿಕೊಂಡು ಪದವಿ ಓದುತ್ತಾಳೆ. ಪಾಠ ಮುಗಿದ ಮೇಲೆ ಅವಳ ಮೊಬೈಲೂ ತೃಪ್ತಿಯಾಯಿತೇ ಎಂದು ಕೇಳುತ್ತದೆ, ಬಾಯಿಂದಲ್ಲ, ಐದು ನಕ್ಷತ್ರ ತೋರಿಸಿ. ಅವಳು ಕಣ್ಣು ಎತ್ತದೆ ಐದನ್ನೂ ಒತ್ತುತ್ತಾಳೆ. ‘ತಿಳೀತೇನ?’ ಎಂದು ನಾನು ಕೇಳಿದರೆ, ‘ಅವ್ವಾ, ಸುಮ್ಮನ ಇರು’ ಎನ್ನುತ್ತಾಳೆ. ಸುಮ್ಮನಿರುತ್ತೇನೆ. ನಾನೂ ಐದು ನಕ್ಷತ್ರದ ಪೈಕಿಯವಳೇ. ಆದರೆ ಆಗ ಆ ಊರು, ಆ ದುಂಡು ಗೋಡೆಗಳು, ಪಕ್ಕೆಗೆ ತಾಗುತ್ತಿದ್ದ ಅರಿವೆಯ ಕೋಲು ನೆನಪಾಗುತ್ತವೆ.

ಹೋದ ವರ್ಷ ತಡೆಯಲಾರದೆ ಹೋಗಿಬಂದೆ. ಅಲ್ಲಿಯೂ ಯಾವಾಗಲೋ ಪಾಠಗಳು ನಿಂತವರಿಗೆ ಕೇಳಿಸತೊಡಗಿವೆಯಂತೆ. ಓಣಿಗಳಲ್ಲಿ ನಡೆಯುವವರಿಲ್ಲ. ಜಗುಲಿಗಳ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಬಂದಿವೆ, ಕೆರೆಯ ಏರಿಯ ಕಾಲುದಾರಿಯಲ್ಲಿ ಹುಲ್ಲು ಬೆಳೆದಿದೆ. ಸರಸರ ನಡೆದು ಹೋಗುತ್ತಿದ್ದ ನನ್ನನ್ನು ನೋಡಿ ನಾಯಿಯೊಂದು ಬೊಗಳಿತು. ಆಗ ನನಗೆ ನಿಜವಾಗಿ ಅಳು ಬಂತು.

ತಂಗೆವ್ವ ಆಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಅಂಗಳದ ಕೋಣೆಯಲ್ಲಿ ಹುಸೇನಬಿ ಈಗಲೂ ಇದ್ದಾಳೆ. ಎರಡನೆಯ ಮೂರು ವರ್ಷವನ್ನು ಅವಳು ಕುಂಟುತ್ತ, ಆಯಿಯನ್ನು ಜೊತೆಗಿಟ್ಟುಕೊಂಡು, ಒಂದೊಂದು ಪಾಠಕ್ಕೂ ‘ಇಲ್ಲ’ ಎನ್ನುತ್ತ ನಡೆದು ಮುಗಿಸಿದಳಂತೆ. ಅವ್ವನ ಸೀರೆ ಉಟ್ಟೇ ಪದವಿ ತೆಗೆದುಕೊಂಡಳಂತೆ. ಈಗ ಕೂದಲು ಬೆಳ್ಳಗಾಗಿದೆ. ಸಂಜೆ ಅಂಗಳದ ನಡುವಿನ ಹೊರಸಿನ ಮೇಲೆ ಕೂತಿರುತ್ತಾಳೆ, ಐದು ನಕ್ಷತ್ರ ಒತ್ತಿ ಬಂದ ಹುಡುಗಿಯರು ತಿಳಿಯದ್ದನ್ನು ಕೇಳಲು ಬರುತ್ತಾರೆ. ಬಂದವರು ಹೊರಸಿನ ಸುತ್ತ ನಡೆಯಲೇಬೇಕು, ಕೂತವರಿಗೆ ಅವಳು ಹೇಳುವುದಿಲ್ಲ. ನೆಲದಲ್ಲಿ ಹೊರಸಿನ ಸುತ್ತ ಬಳೆಯಾಕಾರದ ಹಳ್ಳ ಬಿದ್ದಿದೆ. ಅದರಲ್ಲಿ ನನ್ನ ಹೆಜ್ಜೆಯೂ ಆಯಿಯ ಹೆಜ್ಜೆಯೂ ಇವೆ.

‘ಏನ ದಾನಮ್ಮ, ಹಲ್ಲ ಬಿದ್ದೂ?’ ಎಂದಳು ನನ್ನನ್ನು ಕಂಡು. ಆಮೇಲೆ ಇಬ್ಬರೂ ಸ್ವಲ್ಪ ಅತ್ತೆವು. ಚಹಾ ಕುಡಿದ ಮೇಲೆ ನಾನು, ‘ಆ ಚಂದ್ರನ ಪಾಠ ನನಗ ಇನ್ನೂ ತಿಳದಿಲ್ಲ. ನಾ ಆವತ್ತ ಬಾಗಲ್ದಾಗ ನಿಂತು ಹೊತ್ತ ಮುಣಗೂದನ್ನ ನೋಡಾಕತ್ತಿದ್ದೆ’ ಎಂದೆ. ‘ಏಳ ಮತ್ತ’ ಎಂದಳು. ಚಪ್ಪಲಿ ಬಿಟ್ಟು ಹಳ್ಳದಲ್ಲಿ ಇಳಿದು, ಅವಳ ಮುಖ ನೋಡುತ್ತ ಅಡ್ಡಡ್ಡ ನಡೆದೆ. ಬೇವಿನ ಗಿಡ. ಬಾವಿ. ಗೂಟ, ಎಮ್ಮೆಯಿಲ್ಲ. ಬಾಗಿಲು. ಮತ್ತೆ ಬೇವಿನ ಗಿಡ. ತಲೆಯೊಳಗೆ ಅಷ್ಟು ವರ್ಷ ಮುಚ್ಚಿದ್ದ ಒಂದು ಕಿಟಕಿ ತೆರೆಯಿತು. ಅಷ್ಟು ಸರಳ, ಅಷ್ಟು ಚೆಂದ.

ಹುಸೇನಬಿ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಥೇಟ್ ತೃಪ್ತಕ್ಕನ ದನಿಯಲ್ಲಿ, ಪುಸ್ತಕದ ಕನ್ನಡದಲ್ಲಿ, ಅವಸರವಿಲ್ಲದೆ ಕೇಳಿದಳು: ‘ತೃಪ್ತಿಯಾಯಿತೇ?’

ನಾನು ನಿಲ್ಲಲಿಲ್ಲ.

‘ಇಲ್ಲ’ ಎಂದೆ. ‘ಮೊದಲಿನಿಂದ ಹೇಳು.’